ಘಟ್ಟದ ಕೆಳಗೆ ಎರಡು ದಿನ, ಮನೆಗೊಂದು ಚೀಲ

ಶಿವಮೊಗ್ಗ, ಭದ್ರಾವತಿಯ ಮನೆಗಳಿಗೆ ಸಮುದ್ರ ಅಷ್ಟೇನೂ ದೂರವಿಲ್ಲ. ತೀರ್ಥಹಳ್ಳಿ, ಆಗುಂಬೆ ದಾಟಿ ಉಡುಪಿಗೆ ಶಿವಮೊಗ್ಗದಿಂದ ಸುಮಾರು 150 ಕಿಲೋಮೀಟರ್. ಸಾಗರ, ಜೋಗ, ಗೇರುಸೊಪ್ಪೆ ಹಾದು ಹೊನ್ನಾವರಕ್ಕೆ ಹೋದರೂ ಹೆಚ್ಚುಕಡಿಮೆ ಅಷ್ಟೇ. ಭದ್ರಾವತಿಯವರು ಇದಕ್ಕೆ ಇನ್ನೊಂದಿಪ್ಪತ್ತು ಸೇರಿಸಿಕೊಳ್ಳಬೇಕು. ಬೆಳಿಗ್ಗೆ ಬೇಗ ತಿಂಡಿ ಮುಗಿಸಿ ಹೊರಟವರು ಮಧ್ಯಾಹ್ನದ ಊಟವನ್ನು ಕಡಲ ಬದಿಯಲ್ಲೇ ಮಾಡಬಹುದು. ಆದರೂ ಹಿಂದಿನ ರಾತ್ರಿ ಹಜಾರದಲ್ಲಿ ಸಾಲಾಗಿ ಕೂತ ಸಾಮಾನು ನೋಡಿದರೆ ಮನೆಮಂದಿಯೆಲ್ಲ ಕಾಶಿಗೆ ಹೊರಟಂತಿರುತ್ತದೆ. ತಲೆಗೊಂದು ಚೀಲ, ಹೊದಿಕೆಯ ಗಂಟು, ನೀರಿನ ಕ್ಯಾನು, ತಿಂಡಿಯ ಡಬ್ಬಿಗಳು, ಕೊನೆಗೆ ಯಾವುದರೊಳಗೂ ಹಿಡಿಸದೆ ಹೊರಗುಳಿದ ಚಪ್ಪಲಿಯ ಕವರು. ಈ ಹೊರೆಯ ಹೆಚ್ಚಿನ ಪಾಲು ಮೂರು ಬಾಬತ್ತಿನದು: ಕುಡಿಯುವುದು, ತಿನ್ನುವುದು ಮತ್ತು ಒಣಗದ ಬಟ್ಟೆ. ಇವು ಮೂರನ್ನು ಹಿಡಿತಕ್ಕೆ ತಂದರೆ ಉಳಿದದ್ದು ತಾನಾಗಿಯೇ ಹಗುರಾಗುತ್ತದೆ.

ಪ್ರವಾಸ ಎರಡೇ ದಿನಕ್ಕೆ ಸೀಮಿತವಾಗುವುದಕ್ಕೆ ಈ ಎರಡು ಊರುಗಳ ದಿನಚರಿಯೇ ಕಾರಣ. ಭದ್ರಾವತಿ ಕಾರ್ಖಾನೆಯ ಗಡಿಯಾರದ ಮೇಲೆ ಬೆಳೆದ ಊರು. ಮೈಸೂರು ಕಬ್ಬಿಣ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ನ್ಯೂಟೌನ್ ಮತ್ತು ಪೇಪರ್‌ಟೌನ್‌ನ ಕ್ವಾರ್ಟರ್ಸ್‌ಗಳಲ್ಲಿ ಅಡುಗೆ, ನಿದ್ದೆ, ನೆಂಟರ ಮನೆಯ ಮದುವೆ ಎಲ್ಲವೂ ಶಿಫ್ಟಿಗೆ ಹೊಂದಿಕೊಂಡೇ ನಡೆದವು. ಅಪ್ಪನ ವಾರದ ರಜೆ ಮಂಗಳವಾರ ಬಂದರೆ ಮಕ್ಕಳಿಗೆ ಶಾಲೆ, ಮಕ್ಕಳಿಗೆ ರಜೆ ಬಂದರೆ ಅಪ್ಪನಿಗೆ ರಾತ್ರಿ ಪಾಳಿ. ಕಾಗದ ಕಾರ್ಖಾನೆ 2015ರಿಂದ ಉತ್ಪಾದನೆ ನಿಲ್ಲಿಸಿದೆ, ಕಬ್ಬಿಣದ ಕಾರ್ಖಾನೆಯಲ್ಲೂ ಹಿಂದಿನ ಗದ್ದಲವಿಲ್ಲ. ಆದರೂ ರಜೆ ಹೊಂದಿಸುವ ಕಷ್ಟ ಹಾಗೇ ಇದೆ. ಈಗ ಅದು ಆಸ್ಪತ್ರೆ, ಬ್ಯಾಂಕು, ಗಾರ್ಮೆಂಟ್ಸ್, ಅಂಗಡಿಗಳ ಕೆಲಸದವರದ್ದು. ಊರ ಕಡೆ ತೋಟವಿರುವ ಮನೆಗಳಿಗಂತೂ ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಕದಲುವ ಮಾತೇ ಇಲ್ಲ. ಹೀಗಾಗಿ ಡಿಸೆಂಬರಿನ ಕ್ರಿಸ್‌ಮಸ್ ರಜೆಯ ಎರಡು ದಿನ ಅಥವಾ ಏಪ್ರಿಲ್‌–ಮೇ ಬೇಸಿಗೆ ರಜೆಯ ಎರಡು ದಿನ, ಇಷ್ಟೇ ಕೈಗೆ ಸಿಗುವುದು.

ಶಿವಮೊಗ್ಗದಿಂದ ಕರಾವಳಿಗೆ ನೇರ ರೈಲಿಲ್ಲ. ಹಳಿ ತಾಳಗುಪ್ಪದಲ್ಲೇ ಮುಗಿಯುತ್ತದೆ. ಬಸ್ಸು, ಸ್ವಂತ ಕಾರು, ಇಲ್ಲವೇ ಅಣ್ಣತಮ್ಮಂದಿರ ಸಂಸಾರಗಳೆಲ್ಲ ಸೇರಿ ಬಾಡಿಗೆಗೆ ಹಿಡಿದ ಟೆಂಪೋ ಟ್ರಾವೆಲರ್ (ಟಿಟಿ), ಈ ಮೂರೇ ದಾರಿ. ಆಗುಂಬೆ ಘಾಟಿಯಲ್ಲಿ ಮಿನಿ ಬಸ್ಸುಗಳದ್ದೇ ಓಡಾಟ; ದೊಡ್ಡ ವಾಹನಗಳು ಹೊಸನಗರದ ಕಡೆಯಿಂದ ಹುಲಿಕಲ್‌–ಬಾಳೆಬರೆ ಘಾಟಿ ಹಿಡಿದು ಕುಂದಾಪುರದತ್ತ ಇಳಿಯುತ್ತವೆ. ಸಾಗರದ ಕಡೆಯಿಂದ ಕೊಲ್ಲೂರಿಗೆ ಹೋಗುವವರಿಗೆ ಲಾಂಚಿಗೆ ಕಾಯುವ ತಾಪತ್ರಯ ಈಗಿಲ್ಲ. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ 2.44 ಕಿಲೋಮೀಟರ್ ಉದ್ದದ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. 2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಅತ್ತೆ, ಸೊಸೆ, ನಾದಿನಿಯರು ತಾವೇ ಗುಂಪು ಕಟ್ಟಿಕೊಂಡು ಕೊಲ್ಲೂರು, ಮುರುಡೇಶ್ವರಕ್ಕೆ ಹೊರಡುವುದೂ ಹೆಚ್ಚಿದೆ. ಮಿನಿ ಬಸ್ಸಾಗಲಿ ಟಿಟಿಯಾಗಲಿ, ಸಾಮಾನಿಡುವ ಜಾಗ ಕಡಿಮೆ. ಹಿಡಿಸದ ಚೀಲ ಯಾರದ್ದಾದರೂ ತೊಡೆಯ ಮೇಲೆ ಕೂರುತ್ತದೆ. ಸಾಮಾನ್ಯವಾಗಿ ಮಾತಾಡದವರ ತೊಡೆಯ ಮೇಲೆ.

ಘಾಟಿಯಲ್ಲಿ ಮೊದಲು ತೊಂದರೆ ಕೊಡುವುದು ಹೊಟ್ಟೆ. ಸುಮಾರು 640 ಮೀಟರ್ ಎತ್ತರದ ಆಗುಂಬೆಯಿಂದ ಸೋಮೇಶ್ವರದ ಬುಡಕ್ಕೆ 14 ಹಿಮ್ಮುರಿ ತಿರುವುಗಳಿವೆ. ಕಿವಿಯೊಳಗಿನ ಸಮತೋಲನದ ಅಂಗ ದೇಹ ಹೊಯ್ದಾಡುತ್ತಿದೆ ಎಂದು ಹೇಳುವಾಗ, ಮೊಬೈಲಿನಲ್ಲಿ ನೆಟ್ಟ ಕಣ್ಣು ಎಲ್ಲವೂ ನಿಂತಿದೆ ಎಂದು ಹೇಳುತ್ತದೆ. ಈ ಎರಡು ಸುದ್ದಿಗಳ ತಾಳ ತಪ್ಪಿದಾಗ ವಾಂತಿ. ಬರಿ ಹೊಟ್ಟೆಯೂ ಸಲ್ಲ, ಎಣ್ಣೆಯ ಪೂರಿ ತಿಂದ ಹೊಟ್ಟೆಯೂ ಸಲ್ಲ. ಹೊರಡುವ ಮುನ್ನ ಎರಡು ಇಡ್ಲಿ ಸಾಕು. ಮಕ್ಕಳನ್ನು ಮುಂದಿನ ಸೀಟಿನಲ್ಲಿ, ರಸ್ತೆ ಕಾಣುವ ಹಾಗೆ ಕೂರಿಸಬೇಕು. ಮೂಸಲು ಒಂದು ನಿಂಬೆಹಣ್ಣು, ಬಾಯಿಗೆ ನೆಲ್ಲಿಕಾಯಿ ಅಡಿಕೆ ಅಥವಾ ಶುಂಠಿ ಪೆಪ್ಪರ್‌ಮೆಂಟು, ಒಂದೆರಡು ಗಟ್ಟಿ ಕವರು. ಇವು ಕೈಚೀಲದ ಮೇಲ್ಭಾಗದಲ್ಲೇ ಇರಲಿ. ಆಗುಂಬೆಯಲ್ಲಿ ಕುಡಿದು ಖಾಲಿ ಮಾಡಿ ಬಿರಡೆ ಬಿಗಿದ ಪ್ಲಾಸ್ಟಿಕ್ ಬಾಟಲಿ ಸೋಮೇಶ್ವರದಲ್ಲಿ ನೋಡಿದರೆ ಸೊಟ್ಟಗಾಗಿರುತ್ತದೆ. ಕೆಳಗಿನ ಗಾಳಿಯ ಒತ್ತಡ ಹೆಚ್ಚು. ಕಿವಿ ಗುಂಯ್‌ಗುಡುವುದೂ ಅದರಿಂದಲೇ. ಕೂತು ಬೇಸರಪಟ್ಟ ಮಕ್ಕಳಿಗೆ ಇದನ್ನು ತೋರಿಸಬಹುದು.

ಇನ್ನು ಬಟ್ಟೆ. ಘಟ್ಟದ ಮೇಲಿನವರು ತಪ್ಪುವುದು ಹೆಚ್ಚಾಗಿ ಇಲ್ಲೇ. ಶಿವಮೊಗ್ಗದ ಬೇಸಿಗೆಯೂ ಸುಡುವಂಥದ್ದೇ, ಆದರೆ ಅಲ್ಲಿ ಬೆವರು ಆರುತ್ತದೆ, ತಂತಿಯ ಮೇಲೆ ಹಾಕಿದ ಅಂಗಿ ಮಧ್ಯಾಹ್ನದೊಳಗೆ ಒಣಗುತ್ತದೆ. ಕರಾವಳಿಯ ಗಾಳಿಯಲ್ಲಿ ಆಗಲೇ ನೀರಿನಂಶ ತುಂಬಿರುವುದರಿಂದ ಬೆವರೂ ಆರದು, ಬಟ್ಟೆಯೂ ಒಣಗದು. ಇದರ ಜೊತೆಗೆ ಉಪ್ಪು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಬಟ್ಟೆಯಿಂದ ನೀರು ಆರಿದರೂ ಉಪ್ಪು ನೂಲಿನಲ್ಲೇ ಉಳಿಯುತ್ತದೆ. ಗಾಳಿಯ ತೇವಾಂಶ ಶೇ. 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರೆಳೆದುಕೊಳ್ಳತೊಡಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ಒಸರುವುದು ಇದಕ್ಕೇ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಲವಣಗಳು ಇನ್ನೂ ಬೇಗ ಎಳೆಯುತ್ತವೆ. ಕಡಲ ತೀರದ ರಾತ್ರಿಗಳಲ್ಲಿ ತೇವಾಂಶ ಸಾಮಾನ್ಯವಾಗಿ ಆ ಮಟ್ಟ ಮೀರಿರುವುದರಿಂದ, ಸಂಜೆ ಒಣಗಿದಂತಿದ್ದ ಚಡ್ಡಿ ಬೆಳಿಗ್ಗೆ ಮುಟ್ಟಿದರೆ ಮತ್ತೆ ತಣ್ಣಗೆ, ಜಿಗುಟಾಗಿರುತ್ತದೆ.

ಇದು ಗೊತ್ತಿದ್ದರೆ ಬಟ್ಟೆಯ ಲೆಕ್ಕ ಸುಲಭ. ಸಮುದ್ರಕ್ಕಿಳಿಯಲು ಒಂದೇ ಜೊತೆ. ಎರಡೂ ದಿನ ಅದೇ. ನೀರಿನಿಂದ ಮೇಲೆ ಬಂದ ಕೂಡಲೇ ಸಿಹಿನೀರಿನಲ್ಲಿ ಒಂದು ಬಾರಿ ಅದ್ದಿ ಹಿಂಡಿದರೆ ಮಾತ್ರ ಅದು ಒಣಗೀತು. ಜೀನ್ಸ್ ಪ್ಯಾಂಟು ಮನೆಯಲ್ಲೇ ಇರಲಿ: ಒಣಗಿದ್ದಾಗಲೇ ಅರ್ಧ ಕಿಲೋ ದಾಟುವ ಬಟ್ಟೆ, ನೆನೆದರೆ ಎರಡು ದಿನವೂ ಒಣಗದು. ತೆಳು ಹತ್ತಿ ಅಥವಾ ಆಟದ ಮೈದಾನದಲ್ಲಿ ಹಾಕುವ ನೈಲಾನ್ ಚಡ್ಡಿ, ಟೀ ಶರ್ಟು ವಾಸಿ. ಸೀರೆ ಉಟ್ಟೇ ನೀರಿಗಿಳಿಯುವ ಹಿರಿಯ ಹೆಂಗಸರು ಇನ್ನೂ ಇದ್ದಾರೆ. ಐದೂವರೆ ಮೀಟರ್ ಬಟ್ಟೆ ನೆನೆದು ಕಾಲಿಗೆ ಸುತ್ತಿಕೊಂಡಾಗ ಅಲೆಯ ಎಳೆತಕ್ಕೆ ನಿಲ್ಲುವುದು ಕಷ್ಟ. ಚೂಡಿದಾರ ಹಾಕಲು ಅಮ್ಮನನ್ನು ಒಪ್ಪಿಸುವುದಾದರೆ ಅದು ಹೊರೆಯ ದೃಷ್ಟಿಯಿಂದಲ್ಲ, ಕ್ಷೇಮದ ದೃಷ್ಟಿಯಿಂದ. ಹೋಗುವಾಗ ಬರುವಾಗ ಮೈಮೇಲೊಂದು ಜೊತೆ, ಚೀಲದಲ್ಲಿ ಒಂದು ಜೊತೆ, ರಾತ್ರಿಗೊಂದು ಹಳೆಯ ಬಟ್ಟೆ. ದೊಡ್ಡವರಿಗೆ ಇಷ್ಟು ಸಾಕು. ಮಕ್ಕಳಿಗೆ ಒಂದು ಜೊತೆ ಹೆಚ್ಚಿಗೆ ಬೇಕು, ಏಕೆಂದರೆ ‘ಬರೀ ಕಾಲು ಮಾತ್ರ ಅದ್ದುತ್ತೇನೆ’ ಎಂದ ಮಗು ಕುತ್ತಿಗೆವರೆಗೆ ನೆನೆಯದೆ ಬಂದದ್ದಿಲ್ಲ.

ಟವೆಲ್ಲಿನ ವಿಷಯದಲ್ಲಿ ಹಳಬರೇ ಜಾಣರು. ದಪ್ಪ ಟರ್ಕಿ ಟವೆಲ್ಲು ನೀರನ್ನು ಚೆನ್ನಾಗಿ ಹೀರುತ್ತದೆ ಎಂದರೆ ಅದನ್ನು ಹೊತ್ತು ತಿರುಗಬೇಕೆಂದೂ ಅರ್ಥ. ತೆಳು ನೇಯ್ಗೆಯ ಬೈರಾಸು ಮಡಚಿದರೆ ಅಂಗೈಯಷ್ಟು, ಹಿಂಡಿದರೆ ಅರ್ಧ ಒಣಗಿದಂತೆಯೇ. ಅದಕ್ಕಿಂತ ಉಪಯೋಗಕ್ಕೆ ಬರುವುದು ಒಂದು ಹತ್ತಿ ಪಂಚೆ. ಮರಳಿನ ಮೇಲೆ ಹಾಸಬಹುದು, ರಾತ್ರಿ ಹೊದೆಯಬಹುದು, ಬಟ್ಟೆ ಬದಲಿಸುವಾಗ ಮರೆ ಹಿಡಿಯಬಹುದು, ದೇವಸ್ಥಾನಕ್ಕೆ ಉಡಬಹುದು. ದೇವಸ್ಥಾನವಂತೂ ಇದ್ದೇ ಇರುತ್ತದೆ: ಮಲೆನಾಡಿನ ಕುಟುಂಬಗಳ ಸಮುದ್ರ ಪ್ರವಾಸ ಶುರುವಾದದ್ದೇ ಗೋಕರ್ಣ, ಕೊಲ್ಲೂರು, ಉಡುಪಿ, ಇಡಗುಂಜಿಗಳ ನೆಪದಲ್ಲಿ. ಎಳ್ಳಮಾವಾಸ್ಯೆಯ ಸಮುದ್ರ ಸ್ನಾನಕ್ಕೆ ಹೋದ ಅಜ್ಜಂದಿರು ಮರಳಿನ ಮೇಲೆ ಕೂತು ಕಳ್ಳೆಪುರಿ ತಿಂದದ್ದೂ ಪ್ರವಾಸವೇ ಆಗಿತ್ತು. ಉಡುಪಿ ಕೃಷ್ಣಮಠದಲ್ಲಿ ಗಂಡಸರು ಅಂಗಿ ತೆಗೆದು ಒಳಗೆ ಹೋಗುವ ಪದ್ಧತಿ ಇದೆ. ಅಲ್ಲಿಗೆ ಬರ್ಮುಡಾ ಚಡ್ಡಿ ಸಲ್ಲದು, ಪಂಚೆ ಎಲ್ಲದಕ್ಕೂ ಆಗುತ್ತದೆ. ಸಾಗರದ ದಾರಿ ಹಿಡಿದವರಿಗೆ ಹೆಗ್ಗೋಡಿನ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆಯೂ ಹತ್ತಿರವೇ. ಇಂಥ ಸೆಕೆಗೆ ಅದಕ್ಕಿಂತ ಹಿತವಾದ ಉಡುಗೆ ಬೇರೆ ಕಡೆ ಹುಡುಕಬೇಕಿಲ್ಲ.

ಬಿಸಿಲಿಗೆ ಟೋಪಿ ಕೊಳ್ಳುವ ಖರ್ಚೂ ಮಲೆನಾಡಿನವರಿಗಿಲ್ಲ. ಪ್ರತಿ ಮನೆಯ ಬಾಗಿಲ ಹಿಂದೆ ತೂಗುವ ಕರಿ ಕೊಡೆ ಮಳೆಗಷ್ಟೇ ಅಲ್ಲ, ಮರಳಿನ ಮೇಲಿನ ನೆರಳಿಗೂ ಸರಿ. ಹನ್ನೊಂದರಿಂದ ಮೂರು ಗಂಟೆಯವರೆಗೆ ಬಿಸಿಲಿನಲ್ಲಿ ನಿಲ್ಲದಿರುವುದೇ ಉತ್ತಮ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳು ಎರಡು ದಿನಕ್ಕೆ ಬೇಕಾಗುವುದಕ್ಕಿಂತ ತುಸು ಹೆಚ್ಚಾಗಿ, ದೊಡ್ಡ ಚೀಲದಲ್ಲಲ್ಲ, ಕೈಚೀಲದಲ್ಲಿರಬೇಕು. ಸೋಪು, ಹಣಿಗೆ, ಟೂತ್‌ಪೇಸ್ಟು, ಫೋನ್ ಚಾರ್ಜರು ಮನೆಗೊಂದು ಸಾಕು. ಹೀಗೆ ಲೆಕ್ಕ ಹಾಕಿದರೆ ನಾಲ್ಕು ಜನರ ಸಂಸಾರಕ್ಕೆ ಒಂದು ಮಧ್ಯಮ ಚೀಲ, ಒಂದು ಕೈಚೀಲ ಮುಗಿಯಿತು. ತಲೆಗೊಂದು ಚೀಲ ಮಾಡಿದಾಗ ನಾಲ್ಕು ಸೋಪು, ನಾಲ್ಕು ಪೇಸ್ಟು, ನಾಲ್ಕು ‘ಇರಲಿ ಅಂತ’ ಇಟ್ಟ ಸ್ವೆಟರು ಸೇರುತ್ತವೆ. ಘಟ್ಟದ ಕೆಳಗೆ ಡಿಸೆಂಬರಿನಲ್ಲೂ ಸ್ವೆಟರು ಬೇಕಾಗದು.

ಕುಡಿಯುವುದರಲ್ಲಿ ಒಂದೇ ಸೂತ್ರ: ಸಾರವನ್ನು ಒಯ್ಯಬೇಕು, ನೀರನ್ನಲ್ಲ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ನಾಲ್ವರ ಒಂದು ದಿನದ ಶರಬತ್ತನ್ನು ಕಲಸಿ ಕ್ಯಾನಿಗೆ ತುಂಬಿದರೆ ಮಗುವೊಂದನ್ನು ಎತ್ತಿಕೊಂಡಷ್ಟು ಭಾರ. ಮಲೆನಾಡಿನ ಅಡುಗೆಮನೆ ಈ ವಿಷಯದಲ್ಲಿ ಮೊದಲೇ ಸಿದ್ಧವಾಗಿರುತ್ತದೆ. ಏಪ್ರಿಲ್, ಮೇ ಹೊತ್ತಿಗೆ ಮುರುಗಲು ಹಣ್ಣಾದಾಗ ಸಿಪ್ಪೆಯನ್ನು ಸಕ್ಕರೆಯ ಜೊತೆ ಗಾಜಿನ ಭರಣಿಯಲ್ಲಿ ಪದರ ಪದರವಾಗಿ ತುಂಬಿ ಬಿಸಿಲಿಗಿಡುತ್ತಾರೆ. ಕೆಲವು ದಿನಗಳಲ್ಲಿ ಕಡುಗೆಂಪು ಪಾಕ ಇಳಿಯುತ್ತದೆ. ಕರಾವಳಿಯವರ ಪುನರ್ಪುಳಿಯೂ ಇದೇ ಹಣ್ಣು. ಕಾಲು ಲೀಟರ್ ಪಾಕದ ಬಾಟಲಿ ಚೀಲದ ಮೂಲೆಯಲ್ಲಿದ್ದರೆ ಹೋದಲ್ಲಿ ತಣ್ಣೀರು, ಚಿಟಿಕೆ ಉಪ್ಪು, ಜೀರಿಗೆ ಪುಡಿ ಬೆರೆಸಿ ಇಡೀ ಮನೆಗೆ ಎರಡು ಸರ್ತಿ ಶರಬತ್ತಾಗುತ್ತದೆ. ಮುರುಗಲ ಬೀಜದ ತುಪ್ಪವನ್ನೂ ಒಂದು ಚಿಕ್ಕ ಡಬ್ಬಿಯಲ್ಲಿ ಒಯ್ಯಬಹುದು. ಉಪ್ಪುಗಾಳಿಗೆ ಒಡೆದ ತುಟಿಗೂ ಮರಳಿಗೆ ಬಿರಿದ ಹಿಮ್ಮಡಿಗೂ ಅದು ಹಳೆಯ ಮದ್ದು.

ಸೊಗದೆ ಬೇರಿನ ಪಾಕ, ಬೆಲ್ಲಕ್ಕೆ ಒಣಶುಂಠಿ, ಏಲಕ್ಕಿ ಕುಟ್ಟಿ ಸೇರಿಸಿದ ಪಾನಕದ ಪುಡಿ, ನಾಲ್ಕು ನಿಂಬೆಹಣ್ಣು, ರಾತ್ರಿ ನೆನೆಸಿಡಲು ಒಂದು ಹಿಡಿ ಕಾಮಕಸ್ತೂರಿ ಬೀಜ ಕೂಡ ಇದೇ ಸಾಲಿನವು. ಕೊತ್ತಂಬರಿ, ಜೀರಿಗೆ, ಮೆಣಸು ಹುರಿದು ಮಾಡಿದ ಕಷಾಯದ ಪುಡಿಯ ಡಬ್ಬಿ ಬೇಡವೆಂದು ಅಜ್ಜಿಗೆ ಹೇಳುವುದು ವ್ಯರ್ಥ. ಹೇಳಲೂ ಬಾರದು: ಸಮುದ್ರದಲ್ಲಿ ನೆನೆದು ಬಂದ ಸಂಜೆ ಎಲ್ಲರೂ ಕೈಯೊಡ್ಡುವುದು ಅದಕ್ಕೇ. ಒಯ್ಯಲು ಬಾರದ್ದು ಮಜ್ಜಿಗೆಯೊಂದೇ. ಕರಾವಳಿಯ ಸೆಕೆಯಲ್ಲಿ ಮಧ್ಯಾಹ್ನದೊಳಗೆ ಹುಳಿ ಬರುತ್ತದೆ. ಶಿವಮೊಗ್ಗ–ಭದ್ರಾವತಿ ರಸ್ತೆಯ ಮಾಚೇನಹಳ್ಳಿಯ ಡೇರಿಯ ಪಕ್ಕದಲ್ಲೇ ದಿನವೂ ಓಡಾಡುವವರಿಗೆ ನಂದಿನಿ ಮಸಾಲೆ ಮಜ್ಜಿಗೆ ಹೊಸದಲ್ಲ. ಅದೇ ಪೊಟ್ಟಣ ಕುಂದಾಪುರ, ಹೊನ್ನಾವರದ ಅಂಗಡಿಗಳಲ್ಲೂ ತಣ್ಣಗೆ ಸಿಗುವಾಗ ಮನೆಯಿಂದ ಹೊರಬೇಕಾದ ಅಗತ್ಯವಿಲ್ಲ.

ಬಾಯಾರಿಕೆಗೆ ಯಾವುದು ಒಳ್ಳೆಯದು ಎಂಬುದಕ್ಕೆ ಬೆವರಿನಲ್ಲೇ ಉತ್ತರವಿದೆ. ಬೆವರಿನೊಂದಿಗೆ ದೇಹ ಕಳೆದುಕೊಳ್ಳುವುದು ನೀರು ಮತ್ತು ಮುಖ್ಯವಾಗಿ ಸೋಡಿಯಂ, ಅಂದರೆ ಉಪ್ಪು. ಎಳನೀರಿನಲ್ಲಿ, ಕರಾವಳಿಯ ಬೊಂಡದಲ್ಲಿ, ಪೊಟ್ಯಾಸಿಯಂ ಧಾರಾಳ, ಸೋಡಿಯಂ ಅಷ್ಟಿಲ್ಲ. ಆದ್ದರಿಂದ ಬಿಸಿಲಲ್ಲಿ ಆಡಿ ಸುಸ್ತಾದವರಿಗೆ ಬೊಂಡದ ಜೊತೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಉಪ್ಪು, ಸಕ್ಕರೆ ಎರಡೂ ಇರುವ ನಿಂಬೆ ಶರಬತ್ತು ಸಿಕ್ಕರೆ ಚೇತರಿಕೆ ಬೇಗ. ಮಕ್ಕಳಿಗೆ ವಾಂತಿ ಭೇದಿ ಆದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಕೊಡುವ ಅಳತೆಯನ್ನು ನೆನಪಿಡಬೇಕು. ಓಆರ್‌ಎಸ್ ಪೊಟ್ಟಣವೊಂದು ಕೈಚೀಲದಲ್ಲಿದ್ದರೆ ಇನ್ನೂ ಸಲೀಸು. ಬಣ್ಣದ ಸೋಡಾಗಳಲ್ಲಿ ಸಕ್ಕರೆ ಎಷ್ಟಿರುತ್ತದೆಂದರೆ ಬಾಯಾರಿಕೆ ತೀರುವ ಬದಲು ಮತ್ತೆ ಬರುತ್ತದೆ. ಆದರೂ ಗೋಲಿ ಸೋಡಾದ ಮೋಹ ಬಿಡಲಾಗದು. 1872ರಲ್ಲಿ ಹೈರಂ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ ಪೇಟೆಂಟ್ ಪಡೆದ ಬಾಟಲಿ ಅದು. ಒಳಗಿನ ಅನಿಲದ ಒತ್ತಡವೇ ಗೋಲಿಯನ್ನು ಬಾಯಿಗೆ ಒತ್ತಿ ಹಿಡಿಯುತ್ತದೆ. ಪುತ್ತೂರಿನ ಬಿಂದು ಜೀರಾಕ್ಕೂ ಅಭಿಮಾನಿಗಳು ಕಡಿಮೆಯಿಲ್ಲ. ಉಡುಪಿಗೆ ಹೋದವರು ಡಯಾನಾ ಹೋಟೆಲಿನ ಹೆಸರಿನೊಂದಿಗೆ ತಳಕು ಹಾಕಿಕೊಂಡ ಗಡ್‌ಬಡ್ ಐಸ್‌ಕ್ರೀಮು ತಿನ್ನದೆ ಮರಳಿದರೆ ಮಕ್ಕಳು ಪ್ರವಾಸವನ್ನೇ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬುತ್ತಿ ಒಂದೇ ಹೊತ್ತಿಗೆ ಸಾಕು, ಅದೂ ಹೋಗುವ ದಿನದ್ದು. ಹುಣಸೆಹುಳಿಯ ಪುಳಿಯೋಗರೆ, ನಿಂಬೆಯ ಚಿತ್ರಾನ್ನ ಹುಳಿಯ ಬಲದಿಂದ ಕೆಲವು ಗಂಟೆ ಹೆಚ್ಚು ತಾಳುತ್ತವೆ. ತೆಂಗಿನಕಾಯಿ ಚಟ್ನಿ ಮೊದಲು ಕೆಡುವುದು. ಅದರ ಬದಲು ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ. ಮೊಸರನ್ನಕ್ಕೆ ಹಾಲು ಹೆಚ್ಚು, ಮೊಸರು ಒಂದೇ ಚಮಚ ಹಾಕಿ ಕಲಸಿದರೆ ಮಧ್ಯಾಹ್ನದ ಹೊತ್ತಿಗೆ ಹದವಾಗಿ ಹೆಪ್ಪುಗಟ್ಟಿರುತ್ತದೆ. ಅಕ್ಕಿರೊಟ್ಟಿ ಬೇಡ, ಆರಿದರೆ ಚಕ್ಕೆಯಾಗುತ್ತದೆ. ಕೋಡುಬಳೆ, ಚಕ್ಕುಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿರದಿದ್ದರೆ ಒಂದೇ ರಾತ್ರಿಗೆ ಮೆತ್ತಗಾಗುತ್ತವೆ. ಉಳಿದ ಹೊತ್ತುಗಳಿಗೆ ಕರಾವಳಿಯ ಹೋಟೆಲುಗಳಿವೆ: ಬೆಳಿಗ್ಗೆ ಬನ್ಸ್, ಸಂಜೆ ಗೋಳಿಬಜೆ, ಚುರುಮುರಿ, ತಿನ್ನುವವರಿಗೆ ಮೀನೂಟ. ಮನೆಯ ರುಚಿಯನ್ನೇ ಎರಡು ದಿನ ಹೊತ್ತು ತಿರುಗುವುದಕ್ಕೆ ಘಟ್ಟ ಇಳಿಯುವ ಅಗತ್ಯವೇನಿದೆ?

ಯಾವ ತೀರ ಎಂಬ ಆಯ್ಕೆಯೂ ಚೀಲದ ತೂಕವನ್ನು ನಿರ್ಧರಿಸುತ್ತದೆ. ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿಗೆ 2020ರ ಅಕ್ಟೋಬರಿನಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆಯಿತು. ಆ ಮಾನ್ಯತೆಗೆ ಬಟ್ಟೆ ಬದಲಿಸುವ ಕೋಣೆ, ಸಿಹಿನೀರಿನ ಶವರು, ಶೌಚಾಲಯ, ಜೀವರಕ್ಷಕರು ಇರಬೇಕು. ಬಕೆಟ್ಟು, ಮಗ್ಗು, ಎರಡು ಕ್ಯಾನು ನೀರು ಒಯ್ಯುವ ಪ್ರಮೇಯವೇ ಅಲ್ಲಿಲ್ಲ. ಮರವಂತೆಯಲ್ಲಿ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ನೋಡಲು ಸೊಗಸು, ಚಿಕ್ಕ ಮಕ್ಕಳನ್ನು ಬಿಟ್ಟು ಕೂರಲು ಅಲ್ಲ.

ಹೊಳೆಯಲ್ಲಿ ಈಜು ಕಲಿತವರಿಗೆ ಸಮುದ್ರದ ಬಗ್ಗೆ ಒಂದು ಮಾತು. ತುಂಗೆ, ಭದ್ರೆಯ ಸೆಳೆತ ಒಂದೇ ದಿಕ್ಕಿನದು, ಕಣ್ಣಿಗೆ ಕಾಣುವಂಥದ್ದು. ಸಮುದ್ರದಲ್ಲಿ ದಡಕ್ಕೆ ಬಂದ ಅಲೆಗಳ ನೀರು ಕಿರಿದಾದ ಓಣಿಯಲ್ಲಿ ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಆ ಓಣಿಯಲ್ಲಿ ಅಲೆ ಒಡೆಯುವುದು ಕಡಿಮೆಯಾದ್ದರಿಂದ ಅದೇ ಶಾಂತ ಜಾಗವೆಂದು ಹೊಸಬರು ಅಲ್ಲಿಗೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕವರು ದಡದತ್ತ ನೇರ ಈಜಿದರೆ ಸೋಲುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಓಣಿಯಿಂದ ಹೊರಬಂದು ಆಮೇಲೆ ದಡ ಸೇರಬೇಕು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅಂದು ಮಳೆಗಾಲವೂ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಂತೂ ನೀರಿಗಿಳಿಯುವ ಯೋಚನೆಯೇ ಬೇಡ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಆ ತಿಂಗಳುಗಳಲ್ಲಿ ಆಗುಂಬೆಯ ಮಳೆ ನೋಡಿಕೊಂಡು ಮರಳುವುದೇ ಲೇಸು.

ಬರುವಾಗ ಚೀಲ ಹಿಗ್ಗುತ್ತದೆ ಎಂಬುದನ್ನು ಹೋಗುವಾಗಲೇ ಲೆಕ್ಕಕ್ಕೆ ಹಿಡಿಯಬೇಕು. ಒದ್ದೆ ಬಟ್ಟೆಗೆ ಒಂದು ಗಟ್ಟಿ ಪ್ಲಾಸ್ಟಿಕ್ ಚೀಲ, ಮಡಚಿಟ್ಟ ಒಂದು ಖಾಲಿ ಬಟ್ಟೆಯ ಚೀಲ ಮೊದಲೇ ಜೊತೆಗಿರಲಿ. ಮೈಗಂಟಿದ ಮರಳನ್ನು ಒದ್ದೆಯಿರುವಾಗ ಉಜ್ಜಿದರೆ ಹೋಗದು. ಒಣಗಲು ಬಿಟ್ಟು, ಇಲ್ಲವೇ ಸ್ವಲ್ಪ ಪೌಡರು ಸವರಿ ಕೊಡವಿದರೆ ಉದುರುತ್ತದೆ. ಒಣಮೀನು ಕೊಂಡವರು ಎರಡು ಮೂರು ಪದರ ಕಾಗದ ಸುತ್ತಿ, ಅದರ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಕಟ್ಟದಿದ್ದರೆ ಟಿಟಿಯಲ್ಲಿ ಜೊತೆಗೆ ಬಂದ ಸಸ್ಯಾಹಾರಿ ನೆಂಟರು ಘಾಟಿ ಹತ್ತುವ ಮೊದಲೇ ಕಿಟಕಿ ತೆಗೆಸುತ್ತಾರೆ. ಮನೆ ಸೇರಿದ ರಾತ್ರಿಯೇ ಸಮುದ್ರದ ಬಟ್ಟೆಗಳನ್ನು ಸಿಹಿನೀರಿನಲ್ಲಿ ನೆನೆಸಬೇಕು. ಚೀಲವನ್ನು ಒಳಮಗ್ಗುಲಾಗಿಸಿ ಅಂಗಳದಲ್ಲಿ ಕೊಡವಿ ಬಿಸಿಲಿಗೆ ಹಾಕಬೇಕು. ಉಪ್ಪಿನ ಪಸೆ ಉಳಿದರೆ ಜಿಪ್ಪು ತುಕ್ಕು ಹಿಡಿದು ಮುಂದಿನ ರಜೆಗೆ ಕೈಕೊಡುತ್ತದೆ.